ಪಾಚಿಯನ್ನು ಕೊಲ್ಲದೆ ಹಿಡಿಯುವ ಸಿಗಡಿ ಸಿಪ್ಪೆ

1979ರ ನವೆಂಬರ್ ತಿಂಗಳು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಪಾಮ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ಮಕ್ಕಳು ಒಬ್ಬರ ಹಿಂದೊಬ್ಬರು ಕಾಯಿಲೆ ಬಿದ್ದರು. ವಾಂತಿ, ತಲೆನೋವು, ಊದಿಕೊಂಡ ಲಿವರ್, ಆಮೇಲೆ ರಕ್ತ ಬೆರೆತ ಭೇದಿ. ಒಟ್ಟು 148 ಮಂದಿಗೆ ಹೀಗಾಯಿತು, ಬಹುಪಾಲು ಮಕ್ಕಳಿಗೇ. ಕೊನೆಗೆ ಗುಮಾನಿ ಹೋದದ್ದು ಕುಡಿಯುವ ನೀರಿನ ಮೇಲೆ. ದ್ವೀಪಕ್ಕೆ ನೀರು ಕೊಡುತ್ತಿದ್ದ ಅಣೆಕಟ್ಟಿನಲ್ಲಿ ಪಾಚಿ ತುಂಬಿಕೊಂಡಿತ್ತು. ಅದು ಹೋಗಲಿ ಅಂತ ಕೆಲವೇ ದಿನ ಮೊದಲು ಮೈಲುತುತ್ತ ಹಾಕಿದ್ದರು. ಪಾಚಿ ಸತ್ತಿತು. ಅದರ ಹೊಟ್ಟೆಯಲ್ಲಿದ್ದ ವಿಷ ನೀರಿಗೆ ಬಂತು.

ಪಾಚಿ ಸಾಯಿಸುವುದು ಬೇರೆ, ಪಾಚಿ ತೆಗೆಯುವುದು ಬೇರೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ. ಸಿಗಡಿ, ಏಡಿಗಳ ಸಿಪ್ಪೆಯಿಂದ ತೆಗೆದ ಕೈಟೊಸಾನ್ ಎಂಬ ವಸ್ತುವಿಗೆ ಪಾಚಿಯನ್ನು ಒಡೆಯದೆ, ಇಡಿಯಾಗಿ ಹಿಡಿದು ನೀರಿನ ತಳಕ್ಕೆ ಇಳಿಸುವ ಶಕ್ತಿ ಇದೆ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ, ಎರಡನ್ನೂ ನೋಡೋಣ.

ಮೊದಲು ಪಾಚಿಯ ವಿಷಯ. ಸಿಹಿನೀರಿನಲ್ಲಿ ತೊಂದರೆ ಕೊಡುವ ಹಸಿರು ಕೆನೆ ಹೆಚ್ಚಾಗಿ ನಿಜವಾದ ಪಾಚಿಯೇ ಅಲ್ಲ. ಅದು ಸಯನೋಬ್ಯಾಕ್ಟೀರಿಯಾ, ಅಂದರೆ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯಾ. ನೀಲಿ-ಹಸಿರು ಪಾಚಿ ಅನ್ನುವ ಹೆಸರು ರೂಢಿಯಲ್ಲಿರುವುದರಿಂದ ಇಲ್ಲೂ ಪಾಚಿ ಅಂತಲೇ ಕರೆಯುತ್ತೇನೆ. ನೀರು ಬೆಚ್ಚಗಿದ್ದು, ಅಲುಗಾಡದೆ ನಿಂತು, ಅದರಲ್ಲಿ ರಂಜಕ ಮತ್ತು ಸಾರಜನಕ ಜಾಸ್ತಿಯಾದರೆ ಇದು ಎಗ್ಗಿಲ್ಲದೆ ಹಬ್ಬುತ್ತದೆ. ಇವುಗಳಲ್ಲಿ ಕೆಲವು ವಿಷ ತಯಾರಿಸುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಣಿಸಿಕೊಳ್ಳುವ ವಿಷ ಮೈಕ್ರೋಸಿಸ್ಟಿನ್. ಅದು ನೇರ ಲಿವರ್‌ಗೆ ಹೋಗಿ ಕೂರುತ್ತದೆ. ದಿನಾ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಗ್ರಾಂ ವಿಷಕ್ಕೆ ಹತ್ತು ಲಕ್ಷ ಲೀಟರ್ ನೀರು.

ಇನ್ನೊಂದು ಸಂಗತಿ. ಕುದಿಸಿದರೆ ಈ ವಿಷ ಹೋಗುವುದಿಲ್ಲ. ನೀರು ಆವಿಯಾಗಿ ವಿಷ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲಿಡೊ ನಗರದಲ್ಲಿ ಹೀಗೇ ಆಯಿತು. ಈರಿ ಸರೋವರದ ಪಾಚಿಯಿಂದಾಗಿ ಸುಮಾರು ನಾಲ್ಕು ಲಕ್ಷ ಜನರಿಗೆ, ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಅಂತ ಹೇಳಬೇಕಾಯಿತು. ಅದಕ್ಕೂ ಮೊದಲು, 2007ರಲ್ಲಿ, ಚೀನಾದ ಥಾಯ್‌ಹು ಸರೋವರದಲ್ಲಿ ಪಾಚಿ ಕೊಳೆತು, ವೂಶಿ ನಗರದ ಸುಮಾರು 20 ಲಕ್ಷ ಜನ ಕುಡಿಯುವ ನೀರಿಲ್ಲದೆ ಪರದಾಡಿದ್ದರು.

ಮೈಕ್ರೋಸಿಸ್ಟಿನ್ ವಿಷಯದಲ್ಲಿ ನಮಗೆ ಅನುಕೂಲವಾದ ಅಂಶ ಒಂದಿದೆ. ಪಾಚಿ ಬದುಕಿರುವ ತನಕ ವಿಷದ ಬಹುಪಾಲು ಅದರ ಜೀವಕೋಶದ ಒಳಗೇ ಇರುತ್ತದೆ. ಜೀವಕೋಶವನ್ನು ಇಡಿಯಾಗಿ ತೆಗೆದರೆ ವಿಷವೂ ಅದರ ಜೊತೆಗೇ ಹೋಗುತ್ತದೆ. ಒಡೆದರೆ ಕೆಟ್ಟೆವು. ನೀರಿನಲ್ಲಿ ಕರಗಿದ ವಿಷ ಮರಳಿನ ಫಿಲ್ಟರ್‌ನಲ್ಲಿ ಸಲೀಸಾಗಿ ಪಾರಾಗಿ ಬರುತ್ತದೆ.

ಹಾಗಾದರೆ ಹಿಡಿಯುವುದು ಹೇಗೆ? ಮೈಕ್ರೋಸಿಸ್ಟಿಸ್ ಅನ್ನುವ ಪಾಚಿಯ ಜೀವಕೋಶಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್‌ಗೆ ಸುಮಾರು 200 ಹಿಡಿಸುತ್ತವೆ. ಇಷ್ಟು ಸಣ್ಣದನ್ನು ಬಲೆ ಹಾಕಿ ಸೋಸುವ ಮಾತೇ ಇಲ್ಲ. ಅವು ತಾವಾಗಿ ತಳಕ್ಕೂ ಇಳಿಯುವುದಿಲ್ಲ. ಅದಕ್ಕೆ ಎರಡು ಕಾರಣ. ಒಂದು, ಅವುಗಳ ಮೈಮೇಲೆ ಋಣ ವಿದ್ಯುತ್ ಇರುತ್ತದೆ. ಎಲ್ಲವೂ ಋಣವೇ ಆದ್ದರಿಂದ ಒಂದನ್ನೊಂದು ದೂರ ತಳ್ಳುತ್ತಾ ಚದುರಿಕೊಂಡೇ ಇರುತ್ತವೆ. ಎರಡು, ಮೈಕ್ರೋಸಿಸ್ಟಿಸ್‌ನ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೊಳವೆಗಳಿವೆ. ಹಗಲೆಲ್ಲ ಸಕ್ಕರೆ ತಯಾರಿಸಿ ಭಾರವಾದಾಗ ಕೆಳಗಿಳಿಯುತ್ತದೆ, ರಾತ್ರಿ ಆ ಸಕ್ಕರೆಯನ್ನು ಕರಗಿಸಿಕೊಂಡು ಹಗುರಾಗಿ ಮೇಲೇಳುತ್ತದೆ. ಗಾಳಿಯಿಲ್ಲದ ಬೆಳಗ್ಗೆ ನೀರಿನ ಮೇಲೆ ಯಾರೋ ಹಸಿರು ಪೇಂಟ್ ಚೆಲ್ಲಿ ಹೋದ ಹಾಗೆ ಕಾಣುವುದು ಇದಕ್ಕೇ.

ಅಂದರೆ ಎರಡು ಕೆಲಸ ಆಗಬೇಕು. ಚದುರಿದ್ದು ಒಟ್ಟುಗೂಡಬೇಕು. ತೇಲುವುದು ಭಾರವಾಗಬೇಕು. ಸಿಗಡಿ ಸಿಪ್ಪೆ ಮೊದಲ ಕೆಲಸಕ್ಕೆ ಬರುತ್ತದೆ.

ಜಗತ್ತಿನಲ್ಲಿ ಸಿಗಡಿ, ಏಡಿ, ಲಾಬ್‌ಸ್ಟರ್‌ಗಳ ಸಿಪ್ಪೆ ವರ್ಷಕ್ಕೆ 60ರಿಂದ 80 ಲಕ್ಷ ಟನ್‌ನಷ್ಟು ಕಸವಾಗಿ ಬೀಳುತ್ತದೆ ಎಂಬ ಅಂದಾಜಿದೆ. ಬಹಳಷ್ಟು ಗುಂಡಿಗೆ ಹೋಗುತ್ತದೆ, ಇಲ್ಲವೇ ಸಮುದ್ರಕ್ಕೇ ವಾಪಸ್. ಈ ಸಿಪ್ಪೆಯನ್ನು ತಟ್ಟಿಗೆ ಮಣ್ಣು ಮೆತ್ತಿದ ಗೋಡೆಗೆ ಹೋಲಿಸಬಹುದು. ಒಳಗಿನ ತಟ್ಟಿಯೇ ಕೈಟಿನ್ ಅನ್ನುವ ನಾರು. ಅದರ ಸಂದುಗಳಲ್ಲಿ ಪ್ರೋಟೀನು. ಮೇಲೆ ಮೆತ್ತಿದ್ದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಯಾವ ಜೀವಿ ಅನ್ನುವುದರ ಮೇಲೆ ಪ್ರಮಾಣ ಹೆಚ್ಚುಕಮ್ಮಿಯಾಗುತ್ತದೆ. ಒಣ ಸಿಪ್ಪೆಯಲ್ಲಿ ಕೈಟಿನ್ ಶೇ. 15ರಿಂದ 40ರವರೆಗೆ ಇರುತ್ತದೆ. ಗಿಡಮರಗಳ ಸೆಲ್ಯುಲೋಸ್ ಬಿಟ್ಟರೆ ಭೂಮಿಯಲ್ಲಿ ಅತಿ ಹೆಚ್ಚು ಸಿಗುವ ನಾರು ಇದೇ. ಇದನ್ನು ಮೊದಲು ಗುರುತಿಸಿದ್ದು 1811ರಲ್ಲಿ, ಫ್ರಾನ್ಸಿನ ಹೆನ್ರಿ ಬ್ರಾಕೊನೊ. ಅವರಿಗೆ ಅದು ಸಿಕ್ಕಿದ್ದು ಸಿಗಡಿಯಲ್ಲಲ್ಲ, ಅಣಬೆಯಲ್ಲಿ.

ಕೈಟಿನ್ ಹಾಗೇ ಇದ್ದರೆ ನೀರಿನಲ್ಲೂ ತೆಳು ಆಮ್ಲದಲ್ಲೂ ಕರಗುವುದಿಲ್ಲ. ಅದನ್ನು ಪಳಗಿಸಬೇಕು. ಮೊದಲು ಸಿಪ್ಪೆಯನ್ನು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸುತ್ತಾರೆ. ನೊರೆ ಉಕ್ಕುತ್ತಾ ಸುಣ್ಣ ಕರಗಿಹೋಗುತ್ತದೆ. ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ಹಾಕಿ ಪ್ರೋಟೀನು ತೆಗೆಯುತ್ತಾರೆ. ಉಳಿಯುವುದು ಕೈಟಿನ್. ಅದನ್ನು ಇನ್ನೂ ಗಟ್ಟಿಯಾದ ಕಾಸ್ಟಿಕ್ ಸೋಡಾದಲ್ಲಿ ಚೆನ್ನಾಗಿ ಕಾಯಿಸಿದರೆ ನಾರಿನ ಉದ್ದಕ್ಕೂ ಅಂಟಿಕೊಂಡಿರುವ ಅಸಿಟೈಲ್ ಎಂಬ ತುಣುಕುಗಳು ಕಳಚಿ ಬೀಳುತ್ತವೆ. ಅವು ಮುಚ್ಚಿಕೊಂಡಿದ್ದ ಅಮೈನ್ ಗುಂಪುಗಳು ಹೊರಗೆ ಕಾಣಿಸುತ್ತವೆ. ಈಗ ಅದರ ಹೆಸರು ಕೈಟೊಸಾನ್. 1859ರಲ್ಲಿ ಶಾರ್ಲ್ ರೂಜೆ ಇದನ್ನು ಮೊದಲು ಮಾಡಿದ್ದೂ ಹೀಗೆಯೇ, ಕ್ಷಾರದಲ್ಲಿ ಕುದಿಸಿ.

ಕೈಟೊಸಾನ್ ನೋಡಲಿಕ್ಕೆ ತೆಳ್ಳಗಿನ ಮಾಸಲು ಬಿಳಿ ಚೂರುಗಳು. ಬರೀ ನೀರಿಗೆ ಹಾಕಿದರೆ ಸುಮ್ನೆ ಬಿದ್ದಿರುತ್ತದೆ. ಅದೇ ನೀರಿಗೆ ಸ್ವಲ್ಪ ವಿನೆಗರ್ ಸೇರಿಸಿ ತಿರುಗಿಸುತ್ತಾ ಹೋದರೆ ಚೂರುಗಳು ಉಬ್ಬಿ, ಮೆತ್ತಗಾಗಿ, ಕೊನೆಗೆ ಪಾಕದ ಹಾಗೆ ಮಂದವಾದ ದ್ರವ ಸಿಗುತ್ತದೆ. ಆಮ್ಲದಲ್ಲಿರುವ ಹೈಡ್ರೋಜನ್ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಅಮೈನ್ ಗುಂಪುಗಳಿಗೆ ಅಂಟಿ ಅವುಗಳಿಗೆ ಧನ ವಿದ್ಯುತ್ ಬರುತ್ತದೆ. ಒಂದೇ ಸರಪಳಿಯ ಮೇಲೆ ಸಾವಿರಾರು ಧನ ಬಿಂದುಗಳು. ಅವು ಒಂದನ್ನೊಂದು ತಳ್ಳುವುದರಿಂದ ಸರಪಳಿ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಪಾಚಿ ಋಣ, ಸರಪಳಿ ಧನ. ಮುಂದಿನದು ನಿಮಗೇ ಗೊತ್ತಾಯಿತು ಅಲ್ವಾ?

ಇದನ್ನು ಕಣ್ಣಾರೆ ನೋಡಬೇಕೆಂದರೆ ನೀರು ಶುದ್ಧೀಕರಣದವರು ಮಾಡುವ ಜಾರ್ ಟೆಸ್ಟ್ ನೋಡಬೇಕು. ಗಾಜಿನ ಪಾತ್ರೆಯಲ್ಲಿ ಒಂದು ಲೀಟರ್ ಹಸಿರು ನೀರು. ಆಚೆ ಬದಿಯ ಬೆರಳು ಕಾಣದಷ್ಟು ಹಸಿರು. ಅದಕ್ಕೆ ಕೆಲವು ಹನಿ ಕೈಟೊಸಾನ್ ದ್ರವ. ಒಂದು ನಿಮಿಷ ಜೋರಾಗಿ ತಿರುಗಿಸುತ್ತಾರೆ, ಆಮೇಲೆ ನಿಧಾನಕ್ಕೆ. ಮೊದಲು ಏನೂ ಆದ ಹಾಗೆ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಹಸಿರು ಒಂದೇ ಸಮ ಇರುವುದಿಲ್ಲ, ರವೆ ರವೆಯಾಗಿ ಒಡೆಯುತ್ತದೆ. ರವೆಗಳ ನಡುವೆ ತಿಳಿನೀರಿನ ಗೆರೆಗಳು ಮೂಡುತ್ತವೆ. ರವೆ ರವೆ ಸೇರಿ ಗರಣೆಗಳಾಗುತ್ತವೆ. ಆಚೆ ಬದಿಯ ಬೆರಳು ಈಗ ಕಾಣುತ್ತದೆ. ನಡೆದದ್ದು ಎರಡು ಸಂಗತಿ. ಧನ ಮತ್ತು ಋಣ ಸೇರಿ ಜೀವಕೋಶಗಳು ಒಂದನ್ನೊಂದು ತಳ್ಳುವುದನ್ನು ನಿಲ್ಲಿಸಿದವು. ಜೊತೆಗೆ ಉದ್ದನೆಯ ಸರಪಳಿ ಒಂದು ತುದಿಯಲ್ಲಿ ಒಂದು ಜೀವಕೋಶ, ಇನ್ನೊಂದು ತುದಿಯಲ್ಲಿ ಇನ್ನೊಂದನ್ನು ಹಿಡಿದು ಸೇತುವೆ ಕಟ್ಟಿತು.

ಪಟಿಕ ಹಾಕಿದರೂ ಇದೇ ತರಹ ಆಗುತ್ತದೆ. ಕದಡಿದ ನೀರು ತಿಳಿ ಮಾಡಲು ಬಹಳ ಹಿಂದಿನಿಂದ ಬಳಸುತ್ತಿರುವುದು ಅದನ್ನೇ. ಅಗ್ಗವೂ ಹೌದು. ಆದರೆ ಪಟಿಕದ ಅಲ್ಯೂಮಿನಿಯಂ ಕೊಳೆಯುವ ವಸ್ತುವಲ್ಲ, ಕೆಸರಿನಲ್ಲೇ ಉಳಿಯುತ್ತದೆ. ಕೈಟೊಸಾನ್ ಅನ್ನು ಮಣ್ಣಿನ, ನೀರಿನ ಸೂಕ್ಷ್ಮಜೀವಿಗಳು ನಿಧಾನಕ್ಕೆ ತಿಂದು ಮುಗಿಸುತ್ತವೆ. ನನಗೆ ಇದರಲ್ಲಿ ತುಂಬ ಇಷ್ಟವಾಗುವ ಗುಣ ಇದೇ.

ಈಗ ಎರಡನೇ ಕೆಲಸ. ಜಾರ್‌ನಲ್ಲಿ ಗರಣೆ ಕಟ್ಟಿದ ಮೈಕ್ರೋಸಿಸ್ಟಿಸ್ ತಳಕ್ಕೆ ಇಳಿಯಬೇಕಲ್ಲ? ಎಷ್ಟೋ ಸಲ ಇಳಿಯುವುದಿಲ್ಲ. ಒಳಗಿನ ಗಾಳಿ ಗರಣೆಯನ್ನೂ ಮೇಲಕ್ಕೆ ಎತ್ತುತ್ತದೆ. ಅದಕ್ಕೆ ಮಣ್ಣು ಬೇಕು. ಚೀನಾದಲ್ಲಿ ಪಾನ್ ಗಾಂಗ್ ಮತ್ತು ಅವರ ಜೊತೆಗಾರರು ಥಾಯ್‌ಹು ಸರೋವರದ ಪಾಚಿಯ ಮೇಲೆ ಮಾಡಿದ ಕೆಲಸ ಇಲ್ಲಿ ದೊಡ್ಡದು. 2006ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಬರೀ ಮಣ್ಣು ಹಾಕಿ ಪಾಚಿ ಮುಳುಗಿಸಬೇಕಾದರೆ ರಾಶಿ ರಾಶಿ ಮಣ್ಣು ಬೇಕು. ದಕ್ಷಿಣ ಕೊರಿಯಾದಲ್ಲಿ 1996ರಿಂದ ಸಮುದ್ರದ ಕೆಂಪು ಪಾಚಿಯ ಮೇಲೆ ದೋಣಿಗಳಿಂದ ಹಳದಿ ಮಣ್ಣು ಸುರಿಯುತ್ತಾ ಬಂದಿದ್ದಾರೆ. ಅಲ್ಲಿ ಒಂದು ಚದರ ಮೀಟರ್‌ಗೆ ನೂರಾರು ಗ್ರಾಂ ಬೇಕಾಗುತ್ತದೆ. ಪಾನ್ ಗಾಂಗ್ ತಂಡ ಸರೋವರದ ದಡದ ಮಣ್ಣಿಗೇ ಚೂರು ಕೈಟೊಸಾನ್ ಬೆರೆಸಿತು. ಮಣ್ಣಿನ ಪ್ರಮಾಣ ಲೀಟರಿಗೆ ಹತ್ತಾರು ಮಿಲಿಗ್ರಾಂಗಳಿಗೆ ಇಳಿಯಿತು. ಕೈಟೊಸಾನ್ ಹಿಡಿಯುವ ಕೈ, ಮಣ್ಣು ಎಳೆಯುವ ಭಾರ. ಎಲ್ಲಿಂದಲೋ ವಿಶೇಷ ಜೇಡಿ ತರುವುದೂ ಬೇಡ.

ನೀರು ತಿಳಿಯಾದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುವವರು ಬಹಳ ಜನ. ಅಲ್ಲೇ ತಪ್ಪುವುದು. ಪಾಚಿ ಎಲ್ಲೂ ಹೋಗಿಲ್ಲ, ತಳದಲ್ಲಿ ಕೂತಿದೆ. ಬಿಸಿಲಿಲ್ಲದೆ ಅದು ಸಾಯುತ್ತದೆ, ಕೊಳೆಯುತ್ತದೆ. ಕೊಳೆಯುವಾಗ ತಳದ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಆಮ್ಲಜನಕ ಮುಗಿದರೆ ಕೆಸರಿನಲ್ಲಿ ಕಬ್ಬಿಣದ ಜೊತೆ ಕಟ್ಟಿಕೊಂಡಿದ್ದ ರಂಜಕ ಬಿಡಿಸಿಕೊಂಡು ನೀರಿಗೆ ಬರುತ್ತದೆ. ಅದೇ ಮುಂದಿನ ಪಾಚಿಗೆ ಊಟ. ಮುಳುಗಿದ ಕೆಲವು ಜೀವಕೋಶಗಳು ಬದುಕಿದ್ದು ಮತ್ತೆ ಮೇಲೇಳುವುದೂ ಇದೆ. ಹೀಗಾಗಿ ಮುಳುಗಿಸಿದ ಮೇಲೆ ಆ ಪದರದ ಮೇಲೆ ಇನ್ನೊಂದು ತೆಳು ಪದರ ಮಣ್ಣನ್ನೋ ಮರಳನ್ನೋ ಹೊದಿಸಬೇಕಾಗುತ್ತದೆ. ನೀರು ಆಳವಿಲ್ಲದ ಕಡೆ ಇನ್ನೂ ಒಳ್ಳೆಯ ದಾರಿ ಇದೆ. ನೀರು ತಿಳಿಯಾದಾಗ ಬಿಸಿಲು ತಳ ಮುಟ್ಟುತ್ತದೆ. ಆ ಕೆಲವು ವಾರಗಳಲ್ಲಿ ತಳದಲ್ಲಿ ಬೇರು ಬಿಡುವ ನೀರುಗಿಡಗಳು ಎದ್ದರೆ, ಪಾಚಿಯ ಕೊಳೆ ಅವುಗಳಿಗೆ ಗೊಬ್ಬರವಾಗುತ್ತದೆ. ಗಿಡಗಳು ಏಳದಿದ್ದರೆ ತಿಳಿನೀರು ಹೆಚ್ಚು ದಿನ ಉಳಿಯುವುದಿಲ್ಲ.

ಇನ್ನು ಕೈಟೊಸಾನ್ ಕೈಕೊಡುವ ಜಾಗಗಳು. ಮೊದಲನೆಯದು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ; ಅದು ಕಮ್ಮಿಯಾದಷ್ಟೂ ಹುಳಿ ಜಾಸ್ತಿ. ಕೈಟೊಸಾನ್‌ಗೆ ಧನ ವಿದ್ಯುತ್ ಬರುವುದು ಹುಳಿ ಇದ್ದಾಗ. ಪಿಎಚ್ ಸುಮಾರು 6.5 ದಾಟಿದ ಮೇಲೆ ಅದರ ವಿದ್ಯುತ್ ಇಳಿಯುತ್ತಾ ಹೋಗುತ್ತದೆ. ಪಾಚಿ ತುಂಬಿದ ನೀರಿನಲ್ಲಿ ಆಗುವುದೇನು? ಪಾಚಿ ಹಗಲಿಡೀ ನೀರಿನ ಕಾರ್ಬನ್ ಡೈಆಕ್ಸೈಡ್ ಹೀರಿ ಪಿಎಚ್ ಅನ್ನು 9ರ ಆಚೆಗೆ ಒಯ್ಯುತ್ತದೆ. ಪಾಚಿ ಎಷ್ಟು ದಟ್ಟವೋ ಔಷಧದ ಬಲ ಅಷ್ಟು ಕಮ್ಮಿ. ರಾತ್ರಿ ಪಾಚಿಯೂ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಬಿಡುವುದರಿಂದ ಬೆಳಗಿನ ಜಾವ ಪಿಎಚ್ ಕೆಳಗಿರುತ್ತದೆ. ಹಾಗಾಗಿ ಯಾವ ಹೊತ್ತಿಗೆ ಹಾಕುತ್ತೇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಪ್ರಯೋಗಾಲಯದಲ್ಲಿ ಹದವಾದ ಪಿಎಚ್‌ನಲ್ಲಿ ಬಂದ ಫಲಿತಾಂಶ ನೋಡಿಕೊಂಡು ಸರೋವರಕ್ಕೆ ಇಳಿದರೆ ನಿರಾಸೆಯೇ.

ಎರಡನೆಯದು ಉಪ್ಪು. ಸಮುದ್ರದ ನೀರಿನಲ್ಲಿ ಎಲ್ಲೆಲ್ಲೂ ಅಯಾನುಗಳು. ಅವು ಸರಪಳಿಯ ಧನ ಬಿಂದುಗಳನ್ನು ಮುಚ್ಚಿಬಿಡುತ್ತವೆ. ಚಾಚಿಕೊಂಡಿದ್ದ ಸರಪಳಿ ಮುದುಡಿ ಉಂಡೆಯಾಗುತ್ತದೆ. ಉಂಡೆಯಾದ ಸರಪಳಿ ಸೇತುವೆ ಕಟ್ಟುವುದೆಲ್ಲಿ? ಅದಕ್ಕೇ ಕಡಲಿನ ಪಾಚಿಗೆ ಕೈಟೊಸಾನ್ ಒಂದನ್ನೇ ನಂಬದೆ, ಅಲ್ಯೂಮಿನಿಯಂ ಲವಣದ ಜೊತೆ ಸೇರಿಸಿ ನೋಡಿದ್ದಾರೆ. ಮೂರನೆಯದು ಮೀನು. ಮೀನಿನ ಕಿವಿರುಗಳ ಮೇಲೂ ಋಣ ವಿದ್ಯುತ್ ಇದೆ. ನೀರಿನಲ್ಲಿ ಕರಗಿ ಉಳಿದ ಕೈಟೊಸಾನ್ ಅಲ್ಲಿಗೂ ಅಂಟುತ್ತದೆ. ಟ್ರೌಟ್ ಮೀನುಗಳಿಗೆ ಕಡಿಮೆ ಪ್ರಮಾಣವೂ ಅಪಾಯ ಅಂತ ಪ್ರಯೋಗಗಳಲ್ಲಿ ಕಂಡಿದೆ. ಪಾಚಿ, ಮಣ್ಣು ಹಿಡಿದು ಮುಗಿಸುವಷ್ಟೇ ಹಾಕಬೇಕು, ಮಿಗುವಷ್ಟು ಹಾಕಬಾರದು. ನೈಸರ್ಗಿಕ ಅಂದ ಮಾತ್ರಕ್ಕೆ ಎಷ್ಟು ಸುರಿದರೂ ನಡೆಯುತ್ತದೆ ಅನ್ನುವ ಹಾಗಿಲ್ಲ.

ನಾಲ್ಕನೆಯದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ. ಪಾಚಿಯನ್ನು ಒಡೆಯದೆ ಹಿಡಿಯುತ್ತದೆ ಅನ್ನುವುದೇ ಕೈಟೊಸಾನ್‌ನ ದೊಡ್ಡ ಹೆಗ್ಗಳಿಕೆ. ಆದರೆ 2017ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಬ್ರೆಜಿಲ್‌ನ ಸಂಶೋಧಕರು ಕೆಲವು ಪಾಚಿಗಳ ಮೇಲೆ ಪರೀಕ್ಷಿಸಿದಾಗ, ಕೈಟೊಸಾನ್ ಹಾಕಿದ ಮೇಲೆ ಜೀವಕೋಶಗಳು ಬೇಗ ಒಡೆಯುವುದು ಕಂಡಿತು. ಕೈಟೊಸಾನ್‌ಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇರುವುದು ಗೊತ್ತೇ ಇತ್ತು. ಗಾಯದ ಪಟ್ಟಿಗಳಲ್ಲಿ ಅದನ್ನು ಬಳಸುವುದಕ್ಕೆ ಅದೂ ಒಂದು ಕಾರಣ. ನೀಲಿ-ಹಸಿರು ಪಾಚಿಯೂ ಬ್ಯಾಕ್ಟೀರಿಯಾವೇ ಅಲ್ವಾ? ಎಲ್ಲ ಪಾಚಿಗೂ ಹೀಗಾಗುವುದಿಲ್ಲ, ಆದರೆ ಕೆಲವಕ್ಕೆ ಆಗುತ್ತದೆ. ಅಂಥ ಕಡೆ ನಾವು ಮತ್ತೆ ಮೈಲುತುತ್ತದ ಕಥೆಗೇ ಬಂದು ನಿಲ್ಲುತ್ತೇವೆ.

ಇಷ್ಟು ಹೊತ್ತು ಹೇಳಿದ್ದು ಬಂದ ಪಾಚಿಯನ್ನು ತೆಗೆಯುವ ಮಾತು. ಬರದ ಹಾಗೆ ಮಾಡಲು ಅದರ ಊಟ ಕಸಿಯಬೇಕು. ಊಟದಲ್ಲಿ ಮುಖ್ಯವಾದದ್ದು ರಂಜಕ ಅಂತ ಕೆನಡಾದ ಒಂದು ಸಣ್ಣ ಸರೋವರ ತೋರಿಸಿಕೊಟ್ಟಿತು. 1973ರಲ್ಲಿ ಡೇವಿಡ್ ಶಿಂಡ್ಲರ್ ತಂಡ 226ನೇ ನಂಬರಿನ ಸರೋವರವನ್ನು ನಡುವೆ ಪರದೆ ಹಾಕಿ ಎರಡು ಭಾಗ ಮಾಡಿತು. ಒಂದು ಕಡೆ ಇಂಗಾಲ, ಸಾರಜನಕ ಮಾತ್ರ. ಇನ್ನೊಂದು ಕಡೆ ಅವೆರಡರ ಜೊತೆ ರಂಜಕ. ರಂಜಕ ಬಿದ್ದ ಅರ್ಧ ಹಸಿರಾಯಿತು, ಇನ್ನರ್ಧ ತಿಳಿಯಾಗೇ ಉಳಿಯಿತು. ಮೇಲಿನಿಂದ ತೆಗೆದ ಆ ಫೋಟೋ ನೋಡಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ರಂಜಕ ಹಿಡಿಯಲು ಇನ್ನೊಂದು ಬಗೆಯ ಚಿಪ್ಪು ಬರುತ್ತದೆ. ಸಿಂಪಿ, ಕಪ್ಪೆಚಿಪ್ಪುಗಳಲ್ಲಿ ಕೈಟಿನ್ ಹೆಚ್ಚು ಇಲ್ಲ, ಶೇ. 90ಕ್ಕೂ ಜಾಸ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು 800 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವಿನಲ್ಲಿ ಸುಟ್ಟರೆ ಸುಟ್ಟ ಸುಣ್ಣವಾಗುತ್ತದೆ. ಅದರ ಕ್ಯಾಲ್ಸಿಯಂ ನೀರಿನ ರಂಜಕವನ್ನು ಹಿಡಿದು, ನಮ್ಮ ಮೂಳೆ ಹಲ್ಲುಗಳಲ್ಲಿರುವಂಥ ಗಟ್ಟಿ ಖನಿಜವಾಗಿ ಕೂರುತ್ತದೆ. ಆದರೆ ಸುಣ್ಣ ಪಿಎಚ್ ಏರಿಸುತ್ತದೆ, ಕೈಟೊಸಾನ್‌ಗೆ ಬೇಕಾದದ್ದು ಅದರ ಉಲ್ಟಾ. ಒಂದೇ ನೀರಿಗೆ ಒಂದೇ ಹೊತ್ತಿಗೆ ಎರಡನ್ನೂ ಹಾಕಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಸುಟ್ಟ ಚಿಪ್ಪಿಗೆ ಸರಿಯಾದ ಜಾಗ ಸರೋವರದ ನಡುವಲ್ಲ, ನೀರು ಒಳಗೆ ಬರುವ ಕಾಲುವೆ. ಅಲ್ಲೊಂದು ಹಾಸು ಮಾಡಿ, ನೀರು ಅದರ ಮೂಲಕ ಸೋಸಿ ಬರುವಂತೆ ಮಾಡುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಕಸದಿಂದ ರಸ ಅಂತ ಇದನ್ನೆಲ್ಲ ಸುಲಭವಾಗಿ ಹೊಗಳಬಹುದು. ಆದರೆ ರಸ ತೆಗೆಯಲು ಆಮ್ಲ ಬೇಕು, ಕಾಸ್ಟಿಕ್ ಸೋಡಾ ಬೇಕು, ತೊಳೆಯಲು ಬೇಕಾದಷ್ಟು ನೀರು ಬೇಕು. ಆ ತೊಳೆದ ನೀರನ್ನು ಹಾಗೇ ಬಿಟ್ಟರೆ ಒಂದು ಸರೋವರ ಉಳಿಸಲು ಇನ್ನೊಂದನ್ನು ಹಾಳುಮಾಡಿದಂತೆ. ಚಿಪ್ಪು ಸುಡುವಾಗಲೂ ನೂರು ಕಿಲೋ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಆಮ್ಲದ ಬದಲು ಮೊಸರು ಹುಳಿ ಬರಿಸುವ ಜಾತಿಯ ಬ್ಯಾಕ್ಟೀರಿಯಾಗಳಿಂದಲೇ ಸಿಪ್ಪೆಯ ಸುಣ್ಣ ಕರಗಿಸುವ ಪ್ರಯತ್ನಗಳು ನಡೆದಿವೆ. ನಿಧಾನ, ಆದರೆ ಒಳ್ಳೆಯ ದಾರಿ.

ಲೆಕ್ಕವನ್ನೂ ಒಮ್ಮೆ ಹಾಕಿಬಿಡೋಣ. ಒಂದು ಹೆಕ್ಟೇರ್ ಅಗಲ, 2 ಮೀಟರ್ ಆಳದ ಕೊಳ. ಅದರಲ್ಲಿ 2 ಕೋಟಿ ಲೀಟರ್ ನೀರು. ಲೀಟರಿಗೆ 2 ಮಿಲಿಗ್ರಾಂ ಕೈಟೊಸಾನ್ ಅಂದರೂ 40 ಕಿಲೋ ಸಾಕು. ಕೆಲವು ನೂರು ಕಿಲೋ ಒಣ ಸಿಪ್ಪೆಯಲ್ಲಿ ಆಗುವ ಕೆಲಸ. ಅದೇ ಥಾಯ್‌ಹುಗೆ ಬನ್ನಿ. ಸುಮಾರು 2,300 ಚದರ ಕಿಲೋಮೀಟರ್, ಸರಾಸರಿ ಆಳ ಹೆಚ್ಚುಕಮ್ಮಿ 2 ಮೀಟರ್. ಇದೇ ಅಳತೆಯಲ್ಲಿ 9,000 ಟನ್ ದಾಟುತ್ತದೆ, ಅದೂ ಒಂದು ಸಲಕ್ಕೆ. ಇಡೀ ಸರೋವರಕ್ಕೆ ಹಾಕುವ ಮಾತು ಬಿಟ್ಟೇಬಿಡಬೇಕು. ಸಣ್ಣ ಕೊಳ, ಪಾಚಿ ಬಂದು ಸೇರುವ ಒಂದು ಮೂಲೆ, ಊರಿಗೆ ನೀರೆತ್ತುವ ಜಾಗ, ನೀರು ಶುದ್ಧೀಕರಣದ ತೊಟ್ಟಿ, ಇಂಥಲ್ಲಿ ಇದು ಕೈಹಿಡಿಯುತ್ತದೆ.

ಅಲ್ಲೂ ಮೊದಲು ಜಾರ್ ಟೆಸ್ಟ್ ಆಗಬೇಕು, ಬೇರೆ ಯಾವುದೋ ಸರೋವರದ ನೀರಿನಲ್ಲಲ್ಲ, ಅದೇ ನೀರಿನಲ್ಲಿ, ಅದೇ ಪಾಚಿಯ ಮೇಲೆ. ಬೆಳಗಿನ ನೀರಿನಲ್ಲಿ ಒಂದು, ಮಧ್ಯಾಹ್ನದ ನೀರಿನಲ್ಲಿ ಒಂದು. ತಿಳಿಯಾದ ಕೂಡಲೇ ಜಾರ್ ಚೆಲ್ಲಬಾರದು. ಒಂದೆರಡು ದಿನ ಹಾಗೇ ಇಟ್ಟು ಗರಣೆ ಕೆಳಗೇ ಇದೆಯೋ ಮೇಲೆದ್ದಿದೆಯೋ ನೋಡಬೇಕು. ಆಮೇಲೆ ಮೇಲಿನ ತಿಳಿನೀರನ್ನು ಸೋಸಿ, ಅದರಲ್ಲಿ ಕರಗಿರುವ ವಿಷ ಎಷ್ಟು ಅಂತ ಅಳೆಯಬೇಕು. ಮೊದಲಿನದಕ್ಕಿಂತ ಜಾಸ್ತಿ ಬಂದರೆ ಆ ನೀರಿಗೆ ಕೈಟೊಸಾನ್ ಹಾಕುವ ಹಾಗಿಲ್ಲ, ನೀರು ಎಷ್ಟೇ ಸ್ವಚ್ಛವಾಗಿ ಕಂಡರೂ.